ದೊಡ್ಡಪ್ಪನ ಕೋವಿ, ನನ್ನ ಬೀಗ

ಟೆಕ್ಸಾಸ್‌ನ ನಮ್ಮ ಆಫೀಸಿನಲ್ಲಿ ಪಕ್ಕದ ಸೀಟಿನವನದು ದಿನಾ ಒಂದೇ ವಾದ. 'ನನ್ನ ಗನ್ನು, ನನ್ನ ಎನ್‌ಕ್ರಿಪ್ಶನ್ನು, ಎರಡೂ ನನ್ನ ಹಕ್ಕು. ಸರ್ಕಾರ ಮುಟ್ಟಬಾರದು.' ಅಲ್ಲಿ 2021ರಿಂದ 21 ದಾಟಿದ ಬಹುಪಾಲು ಜನ ಪರ್ಮಿಟ್ಟೇ ಇಲ್ಲದೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬಹುದು. ನಾನು ಸುಮ್ನೆ ಮೊಸರನ್ನ ತಿನ್ನುತ್ತಿರುತ್ತೇನೆ.

ರಜಕ್ಕೆ ಬೆಂಗಳೂರಿಗೆ ಬಂದಾಗ ಜಯನಗರದ ದೊಡ್ಡಪ್ಪನಿಗೆ ಇದನ್ನು ಹೇಳಿದೆ. 'ಎನ್‌ಕ್ರಿಪ್ಶನ್ ಅಂದ್ರೆ ಎಂಥದ್ದು ಮಾರಾಯ?' ಅಂದರು. 'ನೀವು ವಾಟ್ಸಾಪ್‌ನಲ್ಲಿ ಕಳಿಸಿದ್ದು ದೊಡ್ಡಮ್ಮನ ಫೋನಿನಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತೆ. ನಡುವೆ ಕಂಪನಿಯವರಿಗೂ ಓದಕ್ಕಾಗಲ್ಲ' ಅಂದೆ.

'ಅದು ಬೀಗ ಅಲ್ವಾ? ಕೋವಿ ಹೇಗಾಯ್ತು?'

ಬೀಗವನ್ನು ಕೋವಿ ಮಾಡಿದ್ದು ಅಮೆರಿಕ ಸರ್ಕಾರವೇ. ಬಲವಾದ ಎನ್‌ಕ್ರಿಪ್ಶನ್ ಅಲ್ಲಿ ರಫ್ತಿನ ಮಟ್ಟಿಗೆ ಯುದ್ಧಸಾಮಗ್ರಿ ಪಟ್ಟಿಯಲ್ಲಿತ್ತು. ಅಲ್ಲಿನ ಪ್ರೋಗ್ರಾಮರ್ ಫಿಲ್ ಜಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಅನ್ನೋ ಎನ್‌ಕ್ರಿಪ್ಶನ್ ಪ್ರೋಗ್ರಾಂ ಪುಕ್ಕಟೆ ಹಂಚಿದರು. ಅದು ದೇಶ ದಾಟಿತು. ಅವರ ಮೇಲೆ ತನಿಖೆ ನಡೆಯಿತು, 1996ರಲ್ಲಿ ಕೇಸು ಹಾಕದೆ ಕೈಬಿಟ್ಟರು. ಅಷ್ಟರಲ್ಲಿ ಅವರು ಇಡೀ ಕೋಡನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ್ದರು. ಪ್ರೋಗ್ರಾಂ ಕಳಿಸಿದರೆ ತಪ್ಪು, ಪುಸ್ತಕ ಕಳಿಸಿದರೆ ತಪ್ಪಲ್ಲ! ಮುಂದೆ ಯುರೋಪಿನಲ್ಲಿ ಅಂಥ ಪುಸ್ತಕಗಳನ್ನೇ ಸ್ಕ್ಯಾನ್ ಮಾಡಿ ಮತ್ತೆ ಪ್ರೋಗ್ರಾಂ ಮಾಡಿಕೊಂಡರು. ಕೋವಿಯನ್ನು ಹಾಗೆ ಅಚ್ಚು ಹಾಕಕ್ಕಾಗುತ್ತಾ?

ದೊಡ್ಡಪ್ಪ ನಕ್ಕರು. ತೀರ್ಥಹಳ್ಳಿಯ ಅಡಿಕೆ ತೋಟಕ್ಕೆ ಹಂದಿ, ಮಂಗಗಳ ಕಾಟಕ್ಕೆಂದು ಅವರ ಹತ್ತಿರ ಲೈಸೆನ್ಸ್ ಕೋವಿ ಇತ್ತು. (ಕೊಡವರಿಗಾದರೆ ಲೈಸೆನ್ಸಿನಿಂದ ವಿನಾಯಿತಿ ಇದೆ, ನಮಗಿಲ್ಲ.) 'ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರ್ತಿದ್ದೆ. ನಿನ್ನ ಬೀಗಾನ ಎಲ್ಲಿಗೆ ಒಪ್ಪಿಸ್ತಾರೋ?'

ಅಲ್ಲೇ ನನಗೆ ಹೊಳೆದಿದ್ದು. ಟೆಕ್ಸಾಸ್‌ನವನ ಹೋಲಿಕೆ ಅಲ್ಲಿ ಚೆಂದ, ಯಾಕೆಂದರೆ ಅವನ ಗನ್ನು ಸಂವಿಧಾನದಲ್ಲೇ ಇದೆ. ನಮ್ಮಲ್ಲಿ ಕೋವಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಸರ್ಕಾರ ಕೊಡುವ ಅನುಮತಿ, ಅಷ್ಟೇ. ಬೀಗವನ್ನು ಕೋವಿ ಅಂತ ಒಪ್ಪಿಕೊಂಡರೆ ನಾಳೆ ಅದಕ್ಕೂ ಲೈಸೆನ್ಸ್ ಕೇಳುತ್ತಾರೆ. ಈಗಲೇ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಆದೇಶ ಬಂದಾಗ ಬೀಗ ಬಿಡಿಸಿಕೊಡಲು ಒಪ್ಪದಿದ್ದರೆ 7 ವರ್ಷದವರೆಗೆ ಜೈಲು. ಕಳ್ಳರೂ ಇದೇ ಬೀಗ ಹಾಕುತ್ತಾರೆ ಅನ್ನೋದು ಸುಳ್ಳಲ್ಲ. ಆದರೂ ನನಗೆ ಹೆದರಿಕೆ ಜಾಸ್ತಿ ಲೈಸೆನ್ಸಿನದೇ.

2015ರಲ್ಲಿ ಬಂದ ಕೇಂದ್ರ ಸರ್ಕಾರದ ಕರಡು ನೀತಿಯೊಂದರಲ್ಲಿ, ಎನ್‌ಕ್ರಿಪ್ಟ್ ಮಾಡಿದ್ದರ ಮೂಲ ಪಠ್ಯವನ್ನು ಜನಸಾಮಾನ್ಯರೂ 90 ದಿನ ಇಟ್ಟುಕೊಳ್ಳಬೇಕು ಅಂತಿತ್ತು. ಗಲಾಟೆಯಾಗಿ ವಾಪಸ್ ತಗೊಂಡರು. ಇದನ್ನು ಹೇಳಿದ್ದಕ್ಕೆ ದೊಡ್ಡಪ್ಪ ಫೋನು ಎತ್ತಿ ನೋಡಿದರು.

'ನಿಮ್ಮ ದೊಡ್ಡಮ್ಮನ ಗುಡ್ ಮಾರ್ನಿಂಗ್ ಎಲ್ಲಾನೂ 90 ದಿನವಾ? ಜಾಗ ಎಲ್ಲಿದೆಯೋ?'