ಕೊನೆ ಹಾಳೆ ಇಲ್ಲದ ಕಾದಂಬರಿಗಳು

ಶಿವರಾಮ ಕಾರಂತರಿಗೆ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗಾಗಿ 1977ರ ಜ್ಞಾನಪೀಠ ಬಂದಾಗ ಉಡುಪಿಯ ಮಾಸ್ಟ್ರುಗಳೆಲ್ಲ ಅದು ತಮ್ಮ ಮನೆಗೇ ಬಂದ ಹಾಗೆ ಬೀಗುತ್ತಿದ್ದರು. ಕಾರಂತರ ಕೋಟ ನಮಗೆಷ್ಟು ದೂರ! ಈಚೆಗೆ ತೀರಿಕೊಂಡ ನಮ್ಮ ಕನ್ನಡ ಮಾಸ್ಟ್ರು ಮಾತ್ರ ಒಂಬತ್ತನೇ ತರಗತಿಗೆ ಬಂದು ಹೇಳಿದ್ದೇ ಬೇರೆ: “ಮೂಕಜ್ಜಿಯಷ್ಟು ದೊಡ್ಡ ಪತ್ತೇದಾರ ಇಲ್ಲ ಮಾರಾಯ್ರೆ. ಒಂದು ಮೂಳೆ ಕೈಗೆ ಕೊಟ್ಟರೆ ಸಾಕು, ಹಿಂದಿನದೆಲ್ಲ ಕಾಣುತ್ತದೆ.”

ಹಿಂದಿನ ಬೆಂಚಿನ ನಾವು ತಲೆ ಎತ್ತಿದೆವು. ಅಲ್ಲಿ ನಡೆಯುತ್ತಿದ್ದದ್ದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಪಾರಾಯಣ. ಪತ್ತೇದಾರ ಪುರುಷೋತ್ತಮ ಬೈಂಡು ಕಳಚಿಕೊಂಡು ಕೈಯಿಂದ ಕೈಗೆ ಓಡಾಡುತ್ತಿದ್ದ. ನಮ್ಮದೊಂದು ವ್ಯಾಪಾರವೂ ಇತ್ತು. ಕೊನೆಯ ಹಾಳೆಗಳನ್ನು ಹರಿದಿಟ್ಟುಕೊಳ್ಳುವುದು. ಕೊಲೆಗಾರ ಯಾರೆಂದು ತಿಳಿಯಬೇಕಾದವರು ರಥಬೀದಿಯ ಹತ್ತಿರ ಗೋಳಿಬಜೆ ಕೊಡಿಸಬೇಕು. ಮಾಸ್ಟ್ರೇ ಒಂದು ಪುಸ್ತಕವನ್ನು ಮನೆಗೆ ಒಯ್ಯುವವರೆಗೂ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಮರುದಿನ ಬೆತ್ತಕ್ಕೆ ಕಾದೆವು, ಬಂದದ್ದು ಬಿಳಿ ಕಾಗದ. “ಹರಿದವರೇ ಕೊನೆ ಬರೆಯಿರಿ.” ಉಳಿದವರೆಲ್ಲ ಅಡುಗೆಭಟ್ಟನನ್ನು ಕೊಲೆಗಾರನೆಂದು ಹಿಡಿದರು, ನಾನು ಮಾತ್ರ ಪೊಲೀಸರಿಗೆ ದೂರು ಕೊಟ್ಟಿದ್ದ ಯಜಮಾನನನ್ನೇ ಹಿಡಿದೆ. ಅದನ್ನು ಹತ್ತನೆಯವರಿಗೂ ಓದಿ ಹೇಳಿದರಂತೆ. ಈ ವಿಷಯ ನಾನಲ್ಲದೆ ಬೇರೆ ಯಾರೂ ಬರೆಯುವುದಿಲ್ಲವಾದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ವ್ಯಾಕರಣ ಏನು ಕಲಿಸಿದರೋ ಕೃಷ್ಣನೇ ಬಲ್ಲ.

ನಿವೃತ್ತಿಯ ಮೇಲೆ ಮತ್ತೆ ಕಾದಂಬರಿಗೆ ಬಿದ್ದಿದ್ದೇನೆ. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಒಂದೇ ಕೂರಿಕೆಗೆ ಮುಗಿಯಿತು. ಘಟ್ಟದ ಕಾಡಿನಲ್ಲಿ ಓಡುವ ಕಥೆಯನ್ನು ಹಳೆಯ ಕಾವ್ಯವೊಂದರ ಗುಟ್ಟಿಗೆ ಗಂಟು ಹಾಕಿದ ಚಂದಕ್ಕೆ ಮಾಸ್ಟ್ರು ತಲೆದೂಗುತ್ತಿದ್ದರು. ಬಿಡದೆ ಕಾಡಿದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಅದರಲ್ಲಿ ಪತ್ತೇದಾರನೇ ಇಲ್ಲ. ಕಾಫಿ ಹೌಸಿನಲ್ಲಿ ಕೂತವನೊಬ್ಬ, ಮಸಾಲೆ ವ್ಯಾಪಾರದ ಹಣ ಬಂದ ಮೇಲೆ ಮನೆ ಹೇಗಾಯಿತೆಂದು ತಣ್ಣಗೆ ಹೇಳುತ್ತಾ ಹೋಗುತ್ತಾನೆ. ಹೈದರಾಬಾದಿಗೆ ಹೋದ ಹೆಂಡತಿ ಅನಿತಾ ಯಾಕೆ ಬರಲಿಲ್ಲ? ಆ ಹಾಳೆಯನ್ನು ಲೇಖಕರೇ ಹರಿದಿಟ್ಟುಕೊಂಡಿದ್ದಾರೆ! ಇರುವೆ ಕೊಲ್ಲುವ ಪುಟಗಳಿಗೆ ಹಿಂತಿರುಗಿದರೆ ಸುಳಿವೆಲ್ಲ ಅಲ್ಲೇ ಇದೆ ಅನ್ನಿಸುತ್ತದೆ. ನನಗಂತೂ ಹಾಗನ್ನಿಸಿತು.

ನಮ್ಮ ಪಕ್ಕದ ಮನೆ ಹುಡುಗಿಗೆ ಎಸ್ಸೆಸ್ಸೆಲ್ಸಿಯಲ್ಲಿ ಐದು ಅಂಕ ಹೋದೀತೆಂಬ ಚಿಂತೆ. ಕಾದಂಬರಿಯ ಸಾರಾಂಶ ಅವಳ ಮೊಬೈಲಿನಲ್ಲೇ ಸಿಗುತ್ತದೆ, ಕೊಲೆಗಾರನ ಹೆಸರು ಸಮೇತ. ಗೋಳಿಬಜೆಯ ಖರ್ಚೂ ಇಲ್ಲ.

ಮಾಸ್ಟ್ರ ನೆನಪಿನ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಹಿಂದಿನ ಬೆಂಚಿನ ಹಳೆಯ ಪಾಲುದಾರ ಒಪ್ಪಲಿಲ್ಲ: “ಅನಿತಾಳ ರೈಲು ತಡವಾಗಿದೆ ಅಷ್ಟೆ. ನಿನಗೆ ಎಲ್ಲ ಕಡೆ ಕೊಲೆ ಕಾಣುತ್ತದೆ.” ಎಲೆ ಹಾಕಿ ಪಾಯಸ ಬಂದರೂ ವಾದ ಮುಗಿಯಲಿಲ್ಲ. ಇನ್ನೊಮ್ಮೆ ಓದಲೆಂದು ನನ್ನ ಪ್ರತಿಯನ್ನೇ ಕೊಟ್ಟು ಕಳುಹಿಸಿದ್ದೇನೆ, ಹಾಳೆ ಎಣಿಸಿ.