ಲಾಭ, ಎರಡು, ಮೂರು

ಮಂಡ್ಯದಿಂದ ರಾಮನಗರದ ಜಾನಪದ ಲೋಕಕ್ಕೆ ಐವತ್ತು ಕಿಲೋಮೀಟರೂ ಆಗಲಿಕ್ಕಿಲ್ಲ. ಆದರೂ ನಲವತ್ತಾರು ವರ್ಷ ತುಂಬುವವರೆಗೆ ನಾನು ಅದರೊಳಗೆ ಕಾಲಿಟ್ಟಿರಲಿಲ್ಲ. ಬೆಂಗಳೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಹೆಬ್ಬಾಗಿಲು ಹಾದುಹೋಗುತ್ತಿತ್ತು. ವಾಪಸ್ ಬರುವಾಗ ಇಳಿದರಾಯಿತು ಅಂದುಕೊಳ್ಳುತ್ತಿದ್ದೆ. ಬರುವಾಗ ನಿದ್ದೆ.

ಈ ಸಲ ಹೊರಡಿಸಿದ್ದು ಮಗಳ ಶಾಲೆಯ ಪ್ರಾಜೆಕ್ಟು: ‘ಮಧ್ಯಕಾಲದ ಹಳ್ಳಿಯ ಬದುಕು’. ಅವಳು ಮೊಬೈಲಿನಲ್ಲಿ ಯುರೋಪಿನ ಬಯಲು ವಸ್ತುಸಂಗ್ರಹಾಲಯಗಳ ವಿಡಿಯೋ ತೋರಿಸಿದಳು. 1891ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಕಾನ್ಸೆನ್ ಶುರುವಾದ ಮೇಲೆ ಅಲ್ಲೆಲ್ಲ ಇದೊಂದು ಪದ್ಧತಿಯೇ ಆಗಿಬಿಟ್ಟಿದೆ. ಹಳೇ ಮನೆಗಳನ್ನು ಬಿಚ್ಚಿ ತಂದು ಬಯಲಲ್ಲಿ ನಿಲ್ಲಿಸುತ್ತಾರೆ, ಹಳೇ ಕಾಲದ ಉಡುಪು ತೊಟ್ಟವರು ಕುಲುಮೆ ಊದುತ್ತಾರೆ, ರೊಟ್ಟಿ ಸುಡುತ್ತಾರೆ. ‘ನಮ್ಮಲ್ಲಿ ಇಂಥದ್ದು ಇಲ್ವಾ?’ ಅಂದಳು. ಇದೆ ಅಂದೆ. ಭಾನುವಾರ ಬೆಳಿಗ್ಗೆ ನೋಡಿದರೆ ಅವಳಿಗೆ ಟ್ಯೂಷನ್. ಪ್ರಾಜೆಕ್ಟ್ ಅವಳದ್ದು, ಪ್ರವಾಸ ನನ್ನದು ಮತ್ತು ನಮ್ಮ ಸೋದರಮಾವನದ್ದು ಎಂದಾಯಿತು. ಮಾವನಿಗೆ ಎಪ್ಪತ್ತೆರಡು. ಬೈಕಿನ ಹಿಂದೆ ಕೂರಬೇಡ ಅಂದರೆ ಸಿಟ್ಟು.

ಬೈಕಾದ್ದರಿಂದ ಹಳೇ ರಸ್ತೆಯೇ ಗತಿ. 2023ರ ಆಗಸ್ಟಿನಿಂದ ಎಕ್ಸ್‌ಪ್ರೆಸ್‌ವೇಗೆ ದ್ವಿಚಕ್ರ ಬಿಡುತ್ತಿಲ್ಲ. ಒಳ್ಳೆಯದೇ ಆಯಿತು. ಗೆಜ್ಜಲಗೆರೆ, ಶಿಂಷೆಯ ಸೇತುವೆ, ಮದ್ದೂರು, ಚನ್ನಪಟ್ಟಣ ಎಲ್ಲವೂ ಇದ್ದ ಜಾಗದಲ್ಲೇ ಸಿಕ್ಕವು. ಮದ್ದೂರಿನಲ್ಲಿ ವಡೆ ತಿಂದೆವು. ಅದರ ಬಗ್ಗೆ ಬರೆಯದವರು ಯಾರೂ ಉಳಿದಿಲ್ಲ, ನಾನೊಬ್ಬ ಬಿಟ್ಟರೆ ನಷ್ಟವಿಲ್ಲ.

ಜಾನಪದ ಲೋಕ ಇರುವುದು ರಾಮನಗರದಲ್ಲಾದರೂ ಮಂಡ್ಯದವರಿಗೆ ಅದು ಹೊರಗಿನದಲ್ಲ. ಕಟ್ಟಿದವರು ಎಚ್.ಎಲ್. ನಾಗೇಗೌಡರು, ನಾಗಮಂಗಲ ಸೀಮೆಯವರು. 1915ರಲ್ಲಿ ಹುಟ್ಟಿ, ಐಎಎಸ್ ಅಧಿಕಾರಿಯಾಗಿ ನಿವೃತ್ತರಾಗಿ, ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ಊರೂರು ಸುತ್ತಿ ಹಾಡು ಕಥೆಗಳ ಜೊತೆ ಜನ ಎಸೆಯಲು ಹೊರಟಿದ್ದ ಸಾಮಾನುಗಳನ್ನೂ ಹೊತ್ತು ತಂದವರು. 1994ರಲ್ಲಿ ಹದಿನೈದು ಎಕರೆಯಲ್ಲಿ ಈ ಲೋಕ ಬಾಗಿಲು ತೆರೆಯಿತು. ‘ನಮ್ ಕಡೇರು ಕನ್ಲಾ’ ಅಂತ ಮಾವ ಗೇಟಿನಲ್ಲೇ ಎದೆ ಮುಂದೆ ಮಾಡಿದ. ಟಿಕೆಟ್ ದುಡ್ಡು ಮಾತ್ರ ನಾನೇ ಕೊಟ್ಟೆ.

ಇಲ್ಲಿ ಯಾರೂ ವೇಷ ಹಾಕಿಕೊಂಡು ಕುಲುಮೆ ಊದುವುದಿಲ್ಲ. ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಕಟ್ಟಡ, ಮಧ್ಯೆ ಬಯಲು, ಬಯಲಲ್ಲೂ ಸಾಮಾನು. ಲೋಕಮಹಲಿನ ಗೊಂಬೆ, ಮುಖವಾಡಗಳನ್ನು ಬೇಗ ನೋಡಿ ಮುಗಿಸಿದೆವು. ಚೆನ್ನಾಗಿಲ್ಲ ಅಂತಲ್ಲ, ಮಾವನಿಗೆ ಸೋಮನ ಕುಣಿತದ ಮುಖವಾಡ ಕಂಡರೆ ಚಿಕ್ಕಂದಿನಿಂದ ಭಯ. ಒಪ್ಪಿಕೊಳ್ಳುವುದಿಲ್ಲ, ಬೇಗ ಬೇಗ ನಡೆಯುತ್ತಾನೆ.

ಅವನು ನಿಂತದ್ದು ಲೋಕಮಾತಾ ಮಂದಿರದಲ್ಲಿ, ಅಳತೆ ಪಾತ್ರೆಗಳ ಮುಂದೆ. ಬೀಸುಕಲ್ಲು, ಒನಕೆ, ಗುಡಾಣ, ಮೊರ ಎಲ್ಲ ದಾಟಿ ಬಂದವನು ಕೊಳಗದ ಮುಂದೆ ನಿಂತೇಬಿಟ್ಟ. ಪಾವು, ಸೇರು, ಬಳ್ಳ ನನಗೂ ಗೊತ್ತು. ಕೊಳಗವನ್ನು ಹಿಡಿಯುವುದು ಹೇಗೆ ಅಂತ ಗೊತ್ತಿರಲಿಲ್ಲ. ಮುಟ್ಟುವ ಹಾಗಿಲ್ಲವಲ್ಲ, ಮಾವ ಎರಡು ಕೈಯನ್ನೂ ಗಾಳಿಯಲ್ಲೇ ಅಗಲಿಸಿ, ಸೊಂಟ ಬಗ್ಗಿಸಿ, ಇಲ್ಲದ ರಾಶಿಗೆ ಇಲ್ಲದ ಕೊಳಗವನ್ನು ನುಗ್ಗಿಸಿದ. ಎಡಗೈಯಿಂದ ಕಾಳನ್ನು ಬಾಯಿಗೆ ಎಳೆದುಕೊಂಡ. ಎತ್ತುವಾಗ ಮೊಣಕಾಲಿನ ಆಸರೆ ಕೊಟ್ಟ. ಆಮೇಲೆ ಬಲಕ್ಕೆ ತಿರುಗಿ ಸುರಿಯುತ್ತಾ ರಾಗವಾಗಿ ಎಳೆದ: ‘ಲಾಬಾ... ಲಾಬಾ... ಲಾಬಾ...’

ಎರಡನೇ ಕೊಳಗ ತುಂಬಿ ಬರುವವರೆಗೂ ‘ಲಾಭ’ವೇ. ಕಣದಲ್ಲಿ ಒಂದು ಅನ್ನಬಾರದು. ಒಂದು ಅಂದರೆ ಒಂದಕ್ಕೇ ನಿಂತುಬಿಡುತ್ತದೆ ಅನ್ನುವ ಅಂಜಿಕೆ. ಲಾಭ, ಎರಡು, ಮೂರು. ಅಳೆಯುವಾಗ ಎದುರಿಗೆ ಬಂದು ಯಾರೂ ಮಾತಾಡಿಸುವಂತಿಲ್ಲ, ಎಣಿಕೆ ತಪ್ಪುತ್ತದೆ. ಪಕ್ಕದಲ್ಲಿ ಶಾಲೆಯ ಮಕ್ಕಳ ಸಾಲೊಂದು ಬಂದು ನಿಂತಿತು. ಮಾವ ನಿಲ್ಲಿಸಲಿಲ್ಲ. ಏಳರವರೆಗೆ ಅಳೆದ. ಮಕ್ಕಳು ನಗಲೂ ಇಲ್ಲ, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು.

ರಾಶಿ ಅಳೆದ ಮೇಲೆ ಹಂಚಿಕೆ. ಅದಕ್ಕೆ ಉತ್ತರ ಹೊರಗಿನ ಆಯಗಾರರ ಮಾಳದಲ್ಲಿದೆ. ನನ್ನ ಮಟ್ಟಿಗೆ ಇಡೀ ಲೋಕದಲ್ಲಿ ಮಗಳ ಪ್ರಾಜೆಕ್ಟಿಗೆ ಬೇಕಾದ ಜಾಗ ಇದೊಂದೇ. ನೇಗಿಲು, ಗಾಡಿ, ಎಣ್ಣೆ ಗಾಣ, ಕಬ್ಬಿನ ಗಾಣ. ಊರಿಗೆ ಹನ್ನೆರಡು ಆಯಗಾರರು ಅನ್ನುವುದು ವಿಜಯನಗರದ ಕಾಲದಿಂದ ಬಂದ ಲೆಕ್ಕ: ಗೌಡ, ಶಾನುಭೋಗ, ತಳವಾರ, ಊರ ಚಾಕರಿಯ ತೋಟಿ, ಕೆರೆ ನೀರು ಬಿಡುವ ನೀರುಗಂಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸ, ಹಜಾಮ, ಅಕ್ಕಸಾಲಿ, ಜೋಯಿಸ. ಊರೂರಿಗೂ ಪಟ್ಟಿ ಒಂದಿಷ್ಟು ಹೆಚ್ಚುಕಡಿಮೆ, ಹನ್ನೆರಡು ಮಾತ್ರ ಗಟ್ಟಿ. ಯಾರಿಗೂ ಸಂಬಳವಿಲ್ಲ. ವರ್ಷವಿಡೀ ಕುಳ ತಟ್ಟು, ಮಡಕೆ ಕೊಡು, ತೂಬು ಎತ್ತು. ಸುಗ್ಗಿಯಲ್ಲಿ ಕಣಕ್ಕೆ ಬಂದು ಅಡದೆ, ಅಂದರೆ ಕಾಳಿನ ಪಾಲು, ಒಯ್ಯಿ. ಕೆಲವರಿಗೆ ಇನಾಮ್ತಿ ಜಮೀನೂ ಇತ್ತು.

‘ಎಲ್ಲಾರೂ ಕಣದೊಳಕ್ಕೆ ಬತ್ತಿರ್ಲಿಲ್ಲ ಕಣಪ್ಪ’ ಅಂದ ಮಾವ. ‘ತೋಟಿ ಕಂಬಳಿ ಹಾಸ್ಕಂಡು ಆಚೆ ನಿಂತಿರೋನು. ನಮ್ಮಪ್ಪ ಮೊರದಲ್ಲಿ ತಗಂಡೋಗಿ ಮೇಲಿಂದ ಸುರಿಯೋನು.’ ಇದನ್ನು ಯಾವ ವಸ್ತುವನ್ನಿಟ್ಟು ತೋರಿಸಲು ಸಾಧ್ಯ ಅಂತ ಯೋಚಿಸಿದೆ. ಮೊರ ಅಲ್ಲೇ ಇತ್ತು, ಕೊಳಗವೂ ಇತ್ತು. ಮೊರಕ್ಕೂ ಕಂಬಳಿಗೂ ನಡುವೆ ಇದ್ದ ಆ ಎರಡಡಿ ಗಾಳಿಯನ್ನು ಯಾವ ಗಾಜಿನ ಪೆಟ್ಟಿಗೆಯಲ್ಲಿಡುವುದು? ಮಗಳ ಪ್ರಾಜೆಕ್ಟಿನಲ್ಲಿ ಈ ಸಾಲು ಬರಬೇಕು ಅಂತ ಫೋನಿನಲ್ಲಿ ಬರೆದುಕೊಂಡೆ.

ಹಾಗಾದರೆ ನಮ್ಮ ಮಧ್ಯಕಾಲ ಮುಗಿದದ್ದು ಯಾವಾಗ? ಪುಸ್ತಕದಲ್ಲಿ ಏನಾದರೂ ಇರಲಿ, ಕಾನೂನಿನ ಪ್ರಕಾರ ಕೇಳಿದರೆ ದಿನಾಂಕವನ್ನೇ ಹೇಳಬಹುದು: 1963ರ ಫೆಬ್ರವರಿ 1. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ, ತೋಟಿ ತಳವಾರಿಕೆಗಳನ್ನು ತೆಗೆದುಹಾಕಿದ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಜಾರಿಗೆ ಬಂದದ್ದು ಆವತ್ತು. ನೀರಿನ ಪ್ರಕಾರ ಕೇಳಿದರೆ ಇನ್ನೂ ಹಿಂದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿಯಿತು. ಆಗಿನ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ರಾಗಿಯ ಬೆದ್ದಲಿಗೆ ಕಬ್ಬು ತಂದಿತು. ಬೆನ್ನ ಹಿಂದೆಯೇ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ. ನೀರುಗಂಟಿ ಹೋಗಿ ನಾಲೆಯ ನೀರು ಬಿಡುವ ಸೌಡಿ ಬಂದ. ಕೆರೆಯಲ್ಲಿ ಮುಳುಗಿ ತೂಬಿನ ಬೆಣೆ ಕೀಳುತ್ತಿದ್ದ ತಮ್ಮೂರ ಕೊನೆಯ ನೀರುಗಂಟಿಯನ್ನು ಮಾವ ಕಣ್ಣಾರೆ ಕಂಡವನು. ಆದರೆ ಕಬ್ಬಿನ ಗಾಣದ ಮುಂದೆ ಅವನಿಗೆ ಏನೂ ಅನ್ನಿಸಲಿಲ್ಲ. ‘ಇದ್ಯಾಕ್ ಇಲ್ಲಿಟ್ಟವ್ರೆ, ನಮ್ ಆಲೆಮನೆ ನಡೀತಾನೇ ಅದಲ್ಲ’ ಅಂದ. ಆ ಆಲೆಮನೆಯಲ್ಲಿ ಈಗ ಎತ್ತಿಲ್ಲ, ಮೋಟಾರು. ಕೊಪ್ಪರಿಗೆ, ಹೊಗೆ, ಕಾಕಂಬಿಯ ವಾಸನೆ ಮಾತ್ರ ಹಳೆಯವೇ.

ಶಿಲ್ಪಮಾಳದಲ್ಲಿ ವೀರಗಲ್ಲುಗಳಿವೆ. ಬೇರೆ ಬೇರೆ ಊರಿಂದ ಬಂದು ಇಲ್ಲಿ ಸಾಲಾಗಿ ನಿಂತವು. ನನಗೆ ಆತಕೂರು ನೆನಪಾದದ್ದು ಅಲ್ಲಿ. ಮದ್ದೂರು ತಾಲ್ಲೂಕು, ವಾಪಸ್ ಹೋಗುವಾಗ ಒಳಕ್ಕೆ ತಿರುಗಿದರೆ ಆಯಿತು. ಮಾವನಿಗೆ ಊಟ ಹಾಕಿಸಿ, ಬಿಸಿಲು ಇಳಿಯುವ ಮುಂಚೆ ಹೊರಟೆವು.

ಆತಕೂರಿನ ಕಥೆಯನ್ನು ಬೈಕಿನ ಮೇಲೆ ಕೂಗಿ ಕೂಗಿ ಹೇಳಿದೆ. 949ರಲ್ಲಿ ತಕ್ಕೋಲದಲ್ಲಿ ಯುದ್ಧ. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಡೆಯಿಂದ ಗಂಗರ ಬೂತುಗ ಹೋಗಿ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಏನು ಬೇಕೋ ಕೇಳು ಅಂದರೆ ಅವನು ಕೇಳಿದ್ದು ಒಂದು ಬೇಟೆನಾಯಿ, ಹೆಸರು ಕಾಳಿ. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟ. ಪೂಜೆ ಮಾಡದೆ ಉಂಡರೆ ಗುಡಿಯ ಪೂಜಾರಿ ಗೊರವನಿಗೆ ಪಾಪ ಅಂತಲೂ ಬರೆಸಿದ. ಅವನಿಗೂ ‘ಆತಕೂರು ಹನ್ನೆರಡು’ ಅನ್ನುವ ಹಳ್ಳಿಗಳ ಗುಂಪು ‘ಬಾಳ್ಗಚ್ಚು’ ಆಗಿ ಸಿಕ್ಕಿತ್ತು. ಬಾಳ್ ಅಂದರೆ ಕತ್ತಿ. ಕತ್ತಿ ತೊಳೆದು ಕೊಡುವ ಉಂಬಳಿ ಅದು.

‘ನಾಯಿಗೆ ಗದ್ದೆಯಾ?’ ಮಾವ ಹಿಂದಿನಿಂದ ಕೂಗಿದ. ‘ತೋಟಿಗೆ ಎಷ್ಟಿತ್ತಂತೆ?’

ನನ್ನ ಹತ್ತಿರ ಉತ್ತರವಿರಲಿಲ್ಲ. ಶಾಸನದಲ್ಲಿ ತೋಟಿ ಇಲ್ಲ.

ಆ ಕಲ್ಲು ಈಗ ಇರುವುದು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ. ನಾಯಿ ಹಂದಿಯ ಮೇಲೆ ಎಗರಿರುವ ಚಿತ್ರ, ಸುತ್ತ ಅಕ್ಷರ. ಅದನ್ನು ಅಲ್ಲೇ ನೋಡಿದ್ದೇನೆ. ಬೆಳಿಗ್ಗೆ ಊರು ಬಿಟ್ಟುಬಂದ ಸಾಮಾನುಗಳನ್ನು ನೋಡಿದ್ದೆವು, ಸಂಜೆ ಸಾಮಾನು ಬಿಟ್ಟುಕೊಟ್ಟ ಊರಿಗೆ ಬಂದಿದ್ದೆವು. ಟೀ ಅಂಗಡಿಯವನಿಗೆ ‘ನಾಯಿ ಶಾಸನ’ ಅಂದದ್ದೇ ತಡ, ‘ಬೆಂಗ್ಳೂರಲ್ಲದೆ’ ಅಂದು ಸಕ್ಕರೆ ಎಷ್ಟು ಅಂತ ಕೇಳಿದ. ಬಹಳ ಜನ ಕೇಳಿರಬೇಕು.

ಮಾವನಿಗೆ ಕಲ್ಲು ಬೇಕಿರಲಿಲ್ಲ, ಗದ್ದೆ ಬೇಕಿತ್ತು. ಭೂಮಿಯನ್ನು ಬಿತ್ತನೆ ಬೀಜದಿಂದ ಅಳೆಯುತ್ತಿದ್ದ ಕಾಲದ ಮಾತು ಖಂಡುಗ. ಖಂಡುಗಕ್ಕೆ ಇಪ್ಪತ್ತು ಕೊಳಗ. ಎರಡು ಖಂಡುಗ ಅಂದರೆ ನಲವತ್ತು ಕೊಳಗ ಬೀಜ ಕುಡಿಯುವ ನೆಲ. ಏರಿಯ ಮೇಲೆ ನಿಂತು, ಕಣ್ಣು ಕಿರಿದು ಮಾಡಿ, ಒಂದೊಂದು ಗದ್ದೆಗೂ ಬೆರಳು ನೀಡಿ, ಬೀಜ ಚೆಲ್ಲುವವನ ಹಾಗೆ ಬಲಗೈ ಆಡಿಸುತ್ತಾ ಎಣಿಸತೊಡಗಿದ. ಇಲ್ಲಿಂದ ಆ ಬದುವಿನವರೆಗೆ ಲಾಭ. ಅಲ್ಲಿಂದ ಆ ತೆಂಗಿನ ಮರಕ್ಕೆ ಎರಡು. ಆ ಪಂಪ್‌ಸೆಟ್ ಮನೆ ದಾಟಿದರೆ ಮೂರು.

ಮೇವಿನ ಹೊರೆ ಇಳಿಸಿ ನಿಂತಿದ್ದ ಒಬ್ಬಾತ ನಮ್ಮನ್ನು ಸುಮಾರು ಹೊತ್ತು ನೋಡಿದ. ಬೈಕಿನ ನಂಬರ್ ನೋಡಿದ, ನನ್ನ ಕೈಯಲ್ಲಿದ್ದ ಫೋನ್ ನೋಡಿದ. ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದ:

‘ಸೈಟ್ ಮಾಡ್ಸೋರಾ? ಎಕರೆಗೆ ಏನ್ ಹೇಳ್ತಾವ್ರೆ ಈಗ?’