ಚಿತ್ರಕ್ಕೆ ಕಿವಿಗೊಟ್ಟ ರಾತ್ರಿ

ನಿನ್ನೆ ರಾತ್ರಿ ಪುಣೆಯ ಕೋಥ್ರೂಡ್ ಮನೆಯಲ್ಲಿ ಕೂತು ಮ್ಯಾಂಡೆಲ್‌ಬ್ರಾಟ್ ಗಣವನ್ನು, ಅಂದರೆ ಒಂದು ಪುಟ್ಟ ಲೆಕ್ಕದಿಂದ ಹುಟ್ಟುವ ಬಿಂದುಗಳ ಗುಂಪನ್ನು, ಕೇಳಿದೆ. ನೋಡಿದ್ದಲ್ಲ, ಕೇಳಿದ್ದು!

ಮೊದಲು ಅದರ ಫ್ರ್ಯಾಕ್ಟಲ್ ಚಿತ್ರವನ್ನು (ಎಷ್ಟು ಹಿಗ್ಗಿಸಿದರೂ ಹೊಸ ವಿವರ ಕಾಣುವಂಥದ್ದು) ಕಂಪ್ಯೂಟರಿನಿಂದ ಎಡದಿಂದ ಬಲಕ್ಕೆ ಓದಿಸಿದೆ: ಮೇಲಿನ ಚುಕ್ಕೆಗೆ ತಾರಸ್ವರ, ಕೆಳಗಿನದಕ್ಕೆ ಮಂದ್ರ, ಹೊಳಪು ಹೆಚ್ಚಿದ್ದರೆ ದನಿ ಜೋರು. ಬರೀ ಗದ್ದಲ. ಆಮೇಲೆ ಚಿತ್ರ ಬಿಟ್ಟು, ಅದನ್ನು ಹುಟ್ಟಿಸುವ ಲೆಕ್ಕಕ್ಕೇ ಕಿವಿಗೊಟ್ಟೆ. ಸೊನ್ನೆಯಿಂದ ಶುರು, ಬಂದ ಸಂಖ್ಯೆಯನ್ನು ವರ್ಗ ಮಾಡಿ, ಚಿತ್ರದಲ್ಲಿ ಆರಿಸಿದ ಬಿಂದುವಿನ ಸಂಖ್ಯೆಯನ್ನು ಕೂಡಿಸುತ್ತಾ ಹೋಗುವುದು, ಅಷ್ಟೇ. ಬಂದ ಒಂದೊಂದು ಸಂಖ್ಯೆಗೂ ಒಂದು ಸ್ವರ. ಬಿಂದು -1 ಆದರೆ 0, -1, 0, -1... ಎರಡೇ ಸ್ವರ, ತೊಟ್ಟಿಲು ತೂಗಿದ ಹಾಗೆ. ದೊಡ್ಡ ಹೃದಯಾಕಾರದ ನೆತ್ತಿಯ ಗುಳ್ಳೆಗೆ ಹೋದರೆ ಮೂರು ಸ್ವರ ಸುತ್ತಿ ಸುತ್ತಿ ಬರುತ್ತವೆ. ಗಣದ ಹೊರಗೆ ಕಾಲಿಟ್ಟರೆ ಸಂಖ್ಯೆ ಬೆಳೆದು ಬೆಳೆದು ಕೈತಪ್ಪುತ್ತದೆ. ಹೊರಗಿದ್ದೂ ಅಂಚಿಗೆ ತೀರಾ ಹತ್ತಿರದ ಬಿಂದುಗಳಂತೂ ಬಹಳ ಹೊತ್ತು ಅಲೆದಾಡಿ, ಆಮೇಲೆ ಓಡಿಹೋಗುತ್ತವೆ. ನನಗೆ ಅವೇ ಹೆಚ್ಚು ಇಷ್ಟ.

ಗದಗಿನ ಭೀಮಸೇನ ಜೋಶಿ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಈ ಊರಲ್ಲೇ ಶುರುಮಾಡಿದ ಸಂಗೀತ ಉತ್ಸವಕ್ಕೆ ಪ್ರತಿ ಡಿಸೆಂಬರ್ ಹೋಗುವವಳು ನಮ್ಮವ್ವ. ಮೂರು ಸ್ವರದ್ದು ಕೇಳಿ, ತೊಡೆಯ ಮೇಲೆ ತಾಳ ಹಾಕುತ್ತಾ ಅಂದಳು: “ಇದು ಮೂರು-ಮೂರರ ದಾದರಾ ತಾಳದ ನಡಿಗಿ ಐತಲ್ಲ, ಇನ್ನೊಮ್ಮೆ ಹಚ್ಚು.”

ಹಚ್ಚಿದೆ. ಒಂದೂವರೆ ಗಂಟೆಯವರೆಗೂ.